ಹದಿನಾಲ್ಕೇ ಪರೀಕ್ಷೆಗೆ ಸಿಕ್ಕಿಬೀಳುವ ತಪ್ಪು

ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ, ಒಂಬತ್ತೋ ಹತ್ತೋ ವಾರದಲ್ಲಿ! ಲಿನಕ್ಸ್ ಕರ್ನಲ್‌ನ ಒಂದು ಆವೃತ್ತಿಯ ಲೆಕ್ಕ ಇದು. ನಮ್ಮ ಆಂಡ್ರಾಯ್ಡ್ ಫೋನಿನಿಂದ ಹಿಡಿದು ಜಗತ್ತಿನ ಅತಿವೇಗದ 500 ಸೂಪರ್‌ ಕಂಪ್ಯೂಟರುಗಳವರೆಗೆ ಎಲ್ಲದರೊಳಗೂ ದುಡಿಯುವ ತಂತ್ರಾಂಶ ಇಷ್ಟು ಅವಸರವಾಗಿ ಬದಲಾಗಿಯೂ ಕುಸಿದು ಬೀಳುವುದಿಲ್ಲವಲ್ಲ, ಹೇಗೆ?

ಆ ಅವಸರವೇ ಅದನ್ನು ಕಾಯುತ್ತಿದೆ ಎಂದು ತಿಳಿದಾಗ ನಾನು ದಂಗಾದೆ.

ಹಿಂದೆ ಹೀಗಿರಲಿಲ್ಲ. 2.4 ಆವೃತ್ತಿ ಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರಿನಲ್ಲಿ. ಸುಮಾರು ಮೂರು ವರ್ಷದ ಬದಲಾವಣೆಗಳು ಒಮ್ಮೆಗೇ ಬಂದು ಬಿದ್ದರೆ, ಕೆಟ್ಟದ್ದು ಯಾವುದರಿಂದ ಎಂದು ಹುಡುಕುವವರು ಯಾರು?

ಈಗಿನ ಕ್ರಮ ನೋಡಿ. ಹೊಸ ಕೆಲಸವನ್ನೆಲ್ಲ ಒಳಗೆ ಸೇರಿಸಿಕೊಳ್ಳಲು ಎರಡು ವಾರ. ಆಮೇಲೆ ಬಾಗಿಲು ಮುಚ್ಚಿತು, ಇನ್ನು ರಿಪೇರಿ ಮಾತ್ರ! ಭಾನುವಾರ ಬಂತೆಂದರೆ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಒಂದು ಪರೀಕ್ಷಾ ಪ್ರತಿ ಹೊರಬಿಡುತ್ತಾರೆ; ಸಾಮಾನ್ಯವಾಗಿ ಇಂಥವು ಏಳು. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಯಂತ್ರದಲ್ಲಿ ಓಡಿಸಬಹುದು. ಒಬ್ಬರದು ಹಳೇ ಲ್ಯಾಪ್‌ಟಾಪ್, ಇನ್ನೊಬ್ಬರದು ಅಪರೂಪದ ವೈಫೈ ಕಾರ್ಡ್. ಇಷ್ಟು ಬಗೆಯ ಯಂತ್ರಗಳನ್ನು ಕೂಡಿಟ್ಟ ಪ್ರಯೋಗಾಲಯ ಎಲ್ಲಿದೆ! ನಿನ್ನೆ ನಡೆಯುತ್ತಿದ್ದದ್ದು ಇಂದು ನಿಂತರೆ, ಅದಕ್ಕೆ ಕಾರಣವಾದ ಬದಲಾವಣೆಯನ್ನು ಸರಿಪಡಿಸಬೇಕು, ಇಲ್ಲವೇ ಹಿಂತೆಗೆಯಬೇಕು. ಅಲ್ಲಿನ ಕಟ್ಟುನಿಟ್ಟಿನ ನಿಯಮ ಅದು.

ಎಲ್ಲಕ್ಕಿಂತ ಬೆರಗಿನದು ಇನ್ನೂ ಇದೆ. ಬದಲಾವಣೆಗಳ ಲೆಕ್ಕವಿಡಲು 2005ರಲ್ಲಿ ಟೊರ್ವಾಲ್ಡ್ಸ್ ಶುರುಮಾಡಿದ ಗಿಟ್ ಎಂಬ ತಂತ್ರಾಂಶದಲ್ಲಿ 'ಬೈಸೆಕ್ಟ್' ಎಂಬ ಆಜ್ಞೆಯೊಂದಿದೆ. ಹಳೆಯದು ಸರಿಯಿತ್ತು, ಹೊಸದು ಕೆಟ್ಟಿದೆ ಎಂದು ಹೇಳಿದರೆ ಸಾಕು, ಸರಿಯಾಗಿ ನಡುವಿನ ಒಂದು ಪ್ರತಿಯನ್ನು ಎತ್ತಿ ಕೊಡುತ್ತದೆ. ಓಡಿಸಿ ನೋಡಿ, ಸರಿಯೋ ತಪ್ಪೋ ಹೇಳಿ. ಅರ್ಧ ಬದಲಾವಣೆಗಳು ಒಂದೇ ಏಟಿಗೆ ನಿರ್ದೋಷಿಗಳು! ಮತ್ತೆ ಅರ್ಧ, ಮತ್ತೆ ಅರ್ಧ... ಹತ್ತು ಸಾವಿರದಲ್ಲಿ ಅಪರಾಧಿ ಒಂದನ್ನು ಹಿಡಿಯಲು ಸುಮಾರು ಹದಿನಾಲ್ಕು ಪರೀಕ್ಷೆ ಸಾಕು. ಆವೃತ್ತಿಗಳು ಬೇಗ ಬೇಗ ಬರುವುದರಿಂದ, ಆ ಬದಲಾವಣೆ ಬರೆದವರಿಗೂ ತಾವು ಮಾಡಿದ್ದೇನೆಂಬುದು ಇನ್ನೂ ನೆನಪಿರುತ್ತದೆ.

ಕರ್ನಲ್‌ನ ಬಹುಪಾಲನ್ನು ಬರೆದಿರುವ ಸಿ ಭಾಷೆಯ ಒಂದು ಸಾಲೂ ಬರೆಯಲು ಬಾರದವರು, ತಾಳ್ಮೆಯೊಂದಿದ್ದರೆ, ಜಗತ್ತು ನಂಬಿ ಕೂತಿರುವ ಈ ತಂತ್ರಾಂಶದ ತಪ್ಪನ್ನು ಬೆರಳಿಟ್ಟು ತೋರಿಸಬಲ್ಲರು! ಬೀರುವಿನಲ್ಲಿ ಧೂಳು ಹಿಡಿದ ಲ್ಯಾಪ್‌ಟಾಪ್ ಇದೆಯೇ? ಮುಂದಿನ ಪರೀಕ್ಷಾ ಪ್ರತಿ ಬಂದಾಗ ಹೊರಗೆ ತೆಗೆಯಿರಿ. ಬೇರೆ ಯಾರ ಯಂತ್ರದಲ್ಲೂ ಕಾಣದ ತಪ್ಪು ನಿಮ್ಮದರಲ್ಲೇ ಸಿಕ್ಕೀತು.