ಬೀಳುವ ಹಲ್ಲಿನ ಖರ್ಚಿನ ಲೆಕ್ಕ

"ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ. ಅದಕ್ಕೆ ಸಾವಿರಾರು ರೂಪಾಯಿ ಸುರಿಯೋದೇಕೆ?"

ಈ ಮಾತು ಕೇಳದ ಮನೆ ನಮ್ಮಲ್ಲಿ ಕಡಿಮೆ. ಮೇಲ್ನೋಟಕ್ಕೆ ಇದು ಜಾಣತನದ ಮಾತು. ಆದರೆ ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಲೆಕ್ಕ ನೋಡಿದ ನನಗೆ ಇದರಲ್ಲಿ ಒಂದು ಕಲಮು ಬಿಟ್ಟುಹೋಗಿದೆ ಅನ್ನಿಸುತ್ತದೆ. ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ದವಡೆಯ ಹಾಲುಹಲ್ಲುಗಳು ಹಾಗಲ್ಲ. ಅವು ಹತ್ತು, ಹನ್ನೊಂದು, ಕೆಲವು ಮಕ್ಕಳಲ್ಲಿ ಹನ್ನೆರಡು ವರ್ಷದವರೆಗೂ ಇರಬೇಕು. ಅಷ್ಟು ದಿನ ಮಗು ಅವುಗಳಿಂದಲೇ ರೊಟ್ಟಿ ಅಗಿಯಬೇಕು. ಜೊತೆಗೆ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಅವೇ ಜಾಗ ಕಾಯ್ದಿಡುತ್ತವೆ. ಐದು ವರ್ಷಕ್ಕೇ ಹುಳುಕು ಹಲ್ಲು ಕೀಳಿಸಿಬಿಟ್ಟರೆ, ಆರನೇ ವರ್ಷಕ್ಕೆ ಹಿಂದೆ ಹುಟ್ಟುವ ದೊಡ್ಡ ದವಡೆ ಹಲ್ಲು ಖಾಲಿ ಜಾಗಕ್ಕೆ ಸರಿದು ಬರುತ್ತದೆ. ರಿಸರ್ವೇಶನ್ ಇಲ್ಲದ ರೈಲಿನಲ್ಲಿ ಟವೆಲ್ ಎತ್ತಿದ ಕೂಡಲೇ ಪಕ್ಕದವರು ಸರಿದು ಕೂರುವ ಹಾಗೆ. ಆಮೇಲೆ ಬರಬೇಕಾದ ಹಲ್ಲು ಜಾಗವಿಲ್ಲದೆ ಸೊಟ್ಟಗೆ ಬರುತ್ತದೆ. ಹದಿಮೂರು, ಹದಿನಾಲ್ಕು ವರ್ಷಕ್ಕೆ ತಂತಿ ಹಾಕಿಸಬೇಕಾಗಬಹುದು. ಇವತ್ತು ಉಳಿಸಿದ ನಾಲ್ಕಾರು ಸಾವಿರ ಅವತ್ತು ಹತ್ತಾರು ಸಾವಿರವಾಗಿ ಎದುರು ನಿಲ್ಲುತ್ತದೆ.

ಹಾಗಂತ ಡಾಕ್ಟರು ಹೇಳಿದ್ದಕ್ಕೆಲ್ಲ ಕಣ್ಣುಮುಚ್ಚಿ ಹಣ ಕಟ್ಟಿ ಅಂತಲೂ ನಾನು ಹೇಳುವುದಿಲ್ಲ. ಕಳೆದ ವರ್ಷ ನನ್ನ ಮೊಮ್ಮಗಳಿಗೆ ಆರೂವರೆ ವರ್ಷ. ರಾತ್ರಿ ಹಲ್ಲುನೋವು ಅಂತ ಅಳುತ್ತಿದ್ದಳು. ಮಗ ಅವಳನ್ನು ಮಕ್ಕಳ ದಂತತಜ್ಞರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಬಿಡಿಎಸ್ ಮುಗಿದ ಮೇಲೆ ಮೂರು ವರ್ಷ ಮಕ್ಕಳ ಹಲ್ಲನ್ನೇ ಓದಿ ಎಂಡಿಎಸ್ ಮಾಡಿದವರು ಇವರು. ಬರುವಾಗ 28,600 ರೂಪಾಯಿಯ ಎಸ್ಟಿಮೇಟು ಹಿಡಿದು, ಮುಖ ಸಣ್ಣಗೆ ಮಾಡಿಕೊಂಡು ಬಂದ. ಕೆಳಗಿನ ಎರಡು ದವಡೆ ಹಲ್ಲಿಗೆ ಪಲ್ಪೆಕ್ಟಮಿ, ಅಂದರೆ ಹಾಲುಹಲ್ಲಿನ ರೂಟ್ ಕೆನಾಲ್, ತಲಾ 4,500. ಅವುಗಳ ಮೇಲೆ ಹಲ್ಲಿನ ಬಣ್ಣದ ಜಿರ್ಕೋನಿಯಾ ಕ್ಯಾಪ್, ತಲಾ 7,000. ಮೂರು ಹಲ್ಲಿಗೆ ಸಿಮೆಂಟು ತುಂಬುವುದು, ತಲಾ 1,200. ಫ್ಲೋರೈಡ್ ಲೇಪನಕ್ಕೆ 1,500, ಎಕ್ಸ್‌ರೇಗೆ 500.

ಒಟ್ಟು ಮೊತ್ತ ಕಂಡು ಎದೆ ಒಡೆದುಕೊಳ್ಳುವ ಬದಲು ಒಂದೊಂದೇ ಸಾಲಿಗೆ ಬೆರಳಿಟ್ಟು "ಇದು ಯಾಕೆ, ಈಗಲೇ ಬೇಕಾ, ಬೇರೆ ದಾರಿ ಇದೆಯಾ" ಅಂತ ಕೇಳಬೇಕು. ಮರುದಿನ ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಒಳ್ಳೆಯವರು, ಬೇಸರಿಸಿಕೊಳ್ಳದೆ ಉತ್ತರ ಕೊಟ್ಟರು. ರೂಟ್ ಕೆನಾಲ್ ಎರಡೂ ಬೇಕೇ ಬೇಕು, ಹುಳುಕು ನರದವರೆಗೆ ಇಳಿದಿದೆ ಅಂತ ಎಕ್ಸ್‌ರೇ ಹಿಡಿದು ತೋರಿಸಿದರು. ಕ್ಯಾಪ್ ಕೂಡ ಬೇಕು. ನರ ತೆಗೆದ ಹಲ್ಲು ಕ್ಯಾಪ್ ಇಲ್ಲದಿದ್ದರೆ ಮುರಿಯುವ ಸಂಭವ ಹೆಚ್ಚು, ಆಗ ಮೊದಲು ಹಾಕಿದ ದುಡ್ಡೂ ನೀರುಪಾಲು. ಆದರೆ ಅದು ಜಿರ್ಕೋನಿಯಾವೇ ಆಗಬೇಕಿಲ್ಲ. ಸ್ಟೀಲ್ ಕ್ಯಾಪ್ ಆದರೆ 3,000. ಮಕ್ಕಳ ದವಡೆ ಹಲ್ಲಿಗೆ ಎಷ್ಟೋ ದಶಕಗಳಿಂದ ಹಾಕುತ್ತಿರುವುದು ಅದನ್ನೇ. ಗಟ್ಟಿ, ಹಲ್ಲನ್ನು ಹೆಚ್ಚು ಉಜ್ಜಬೇಕಾಗಿಲ್ಲ. ಬೆಳ್ಳಿಯ ಹಾಗೆ ಹೊಳೆಯುತ್ತದೆ ಅನ್ನುವುದೊಂದೇ ಕೊರತೆ. ಬಾಯಿಯ ಹಿಂಭಾಗದಲ್ಲಿ ಅದನ್ನು ಯಾರು ನೋಡುತ್ತಾರೆ? ನನ್ನ ಮೊಮ್ಮಗಳಂತೂ ಶಾಲೆಯಲ್ಲಿ "ನನಗೆ ಬೆಳ್ಳಿ ಹಲ್ಲಿದೆ" ಅಂತ ಬಾಯಿ ತೆರೆದು ತೋರಿಸಿಕೊಂಡು ತಿರುಗಿದಳು. ಇನ್ನು ಸಿಮೆಂಟು ತುಂಬಬೇಕೆಂದ ಮೂರರಲ್ಲಿ ಒಂದು ಮೇಲಿನ ಮುಂದಿನ ಹಲ್ಲು. ಅದು ಆಗಲೇ ಅಲ್ಲಾಡುತ್ತಿತ್ತು. "ಬಿಡಿ, ಅದು ತಾನೇ ಬೀಳಲಿ" ಎಂದರು. ಮೊತ್ತ 19,400ಕ್ಕೆ ಇಳಿಯಿತು. ಚೌಕಾಸಿಯ ಒಂದು ಮಾತೂ ಆಡಲಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದದ್ದು ಕಂತಿನ ವಿಷಯ. ಈಗ ಅನೇಕ ಕ್ಲಿನಿಕ್ಕುಗಳ ಕೌಂಟರಿನಲ್ಲಿ "ಬಡ್ಡಿ ಇಲ್ಲದ ಇಎಂಐ" ಅನ್ನುವ ಬೋರ್ಡು ಇರುತ್ತದೆ. ಮೊಬೈಲಿನಲ್ಲಿ ಆಧಾರ್, ಪ್ಯಾನ್ ನಂಬರು ಒತ್ತಿದರೆ ಹತ್ತು ನಿಮಿಷದಲ್ಲಿ ಸಾಲ ಮಂಜೂರು. ನೋವಿನಲ್ಲಿ ಒದ್ದಾಡುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ ಷರತ್ತು ಓದುತ್ತಾಳೆಯೇ?

ಬಡ್ಡಿಯಿಲ್ಲದ ಸಾಲ ಅನ್ನುವುದು ಲೇವಾದೇವಿಯಲ್ಲಿ ಇಲ್ಲ. ಕ್ರೆಡಿಟ್ ಕಾರ್ಡಿನ ಇಂಥ ಶೂನ್ಯ ಬಡ್ಡಿ ಯೋಜನೆಗಳ ಬಗ್ಗೆ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಇದನ್ನೇ ಹೇಳಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಅಡಗಿರುತ್ತದೆ. ಒಂದು ಉದಾಹರಣೆ ನೋಡಿ. ಬಿಲ್ಲು 24,000 ರೂಪಾಯಿ, ಆರು ಕಂತು, ತಿಂಗಳಿಗೆ 4,000, ಬಡ್ಡಿ ಇಲ್ಲ. ಆದರೆ "ಒಟ್ಟಿಗೆ ಕಟ್ಟಿದರೆ ಎಷ್ಟಕ್ಕೆ ಮಾಡಿಕೊಡ್ತೀರಿ?" ಅಂತ ಕೇಳಿದರೆ 22,000 ಅನ್ನುತ್ತಾರೆ. ಹಾಗಾದರೆ ನಿಜವಾದ ಸಾಲ 22,000, ಬಡ್ಡಿ 2,000. ಆರೇ ತಿಂಗಳಿಗೆ, ಅದೂ ಅಸಲು ಪ್ರತಿ ತಿಂಗಳು ಕರಗುತ್ತಿರುವಾಗ ಇಷ್ಟು ಬಡ್ಡಿ ಅಂದರೆ ವರ್ಷಕ್ಕೆ ಶೇಕಡ 30ಕ್ಕೂ ತುಸು ಹೆಚ್ಚೇ ಆಯಿತು. ಇದರ ಮೇಲೆ ಪ್ರೊಸೆಸಿಂಗ್ ಫೀ ಬೇರೆ ಇದ್ದರೆ ಅದನ್ನೂ ಸೇರಿಸಿಕೊಳ್ಳಿ. ಇದಕ್ಕೆ ಹೋಲಿಸಿದರೆ ಚಿನ್ನದ ಮೇಲೆ ಬ್ಯಾಂಕು ಕೊಡುವ ಸಾಲವೇ ಎಷ್ಟೋ ಅಗ್ಗ.

ಇನ್ನೊಂದು ಲೆಕ್ಕ, "ಫ್ಲಾಟ್" ಬಡ್ಡಿ. 24,000ಕ್ಕೆ ವರ್ಷಕ್ಕೆ ಶೇಕಡ 10 ಫ್ಲಾಟ್ ಅಂದರೆ ಬಡ್ಡಿ 2,400, ಕಂತು 2,200. ಕೇಳಲು ಹಿತ. ಆದರೆ ತೀರಿಸುತ್ತ ಬಂದ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟುತ್ತಿರುತ್ತೀರಿ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ಶೇಕಡ 18. ಈಗ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, 2024ರ ಅಕ್ಟೋಬರ್‌ನಿಂದ, ಇಂಥ ಸಾಲ ಕೊಡುವ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ತೋರಿಸುವ ಒಂದು ಹಾಳೆಯನ್ನು ಸಹಿಗೆ ಮೊದಲೇ ಕೊಡಬೇಕು. ಅದಕ್ಕೆ ಕೆಎಫ್‌ಎಸ್ ಅನ್ನುತ್ತಾರೆ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಕೇಳಿ ಪಡೆಯಿರಿ.

ಸಾಲದ ಹಣ ಮೊದಲ ದಿನವೇ ಕ್ಲಿನಿಕ್ಕಿಗೆ ಪೂರ್ತಿ ಹೋಗಿರುತ್ತದೆ ಅನ್ನುವುದನ್ನೂ ಮರೆಯಬಾರದು. ನಡುವೆ ಊರು ಬಿಡಬೇಕಾಯಿತು, ಮಗು ಆ ಡಾಕ್ಟರಿಗೆ ಬಾಯಿಯೇ ತೆರೆಯಲಿಲ್ಲ, ಅಥವಾ ಕ್ಲಿನಿಕ್ಕೇ ಬಾಗಿಲು ಹಾಕಿತು ಅನ್ನಿ. ಚಿಕಿತ್ಸೆ ನಿಂತರೂ ಕಂತು ನಿಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ಮಕ್ಕಳ ಹಲ್ಲಿನ ಚಿಕಿತ್ಸೆಗೆ ಕಂತು ತಾನಾಗಿಯೇ ಇದೆ. ಪುಟ್ಟ ಮಗು ಒಂದೇ ದಿನ ಐದು ಹಲ್ಲಿಗೆ ಬಾಯಿ ತೆರೆದು ಕೂರುವುದಿಲ್ಲ. ನಾಲ್ಕೈದು ಸಲ ಹೋಗಬೇಕು. "ಯಾವತ್ತು ಯಾವ ಹಲ್ಲೋ ಅವತ್ತು ಅದರ ಹಣ" ಅಂತ ನಾವು ಕೇಳಿದೆವು, ಅವರು ಒಪ್ಪಿದರು. ನೋವಿದ್ದ ಹಲ್ಲು ಮೊದಲು, ಉಳಿದವು ಎರಡು ತಿಂಗಳಲ್ಲಿ. ಮಗನ ಎರಡು ಸಂಬಳದಲ್ಲಿ ಮುಗಿಯಿತು. ಪ್ರತಿ ಸಲವೂ ಹಲ್ಲಿನ ನಂಬರು ಬರೆದ ರಶೀದಿ ಪಡೆದೆವು. ಅಂದ ಹಾಗೆ, ಚಿಕಿತ್ಸೆಯ ಬಿಲ್ಲಿಗೆ ಜಿಎಸ್‌ಟಿ ಇಲ್ಲ. ಯಾರಾದರೂ ಸೇರಿಸಿದ್ದರೆ ಯಾಕೆ ಅಂತ ಕೇಳಿ.

ಆರೋಗ್ಯ ವಿಮೆಯ ಮೇಲೆ ಹೆಚ್ಚು ಭರವಸೆ ಬೇಡ. ಸಾಮಾನ್ಯ ಪಾಲಿಸಿಗಳಲ್ಲಿ ಅಪಘಾತದಿಂದ ಆಸ್ಪತ್ರೆ ಸೇರಿದರೆ ಮಾತ್ರ ಹಲ್ಲಿಗೆ ಹಣ, ಹುಳುಕಿಗೆ ಇಲ್ಲ. ಮೂರು ವರ್ಷದ ಮಗುವಿಗೆ ಅರಿವಳಿಕೆ ಕೊಟ್ಟು ಒಂದೇ ದಿನ ಎಲ್ಲ ಹಲ್ಲು ಸರಿಮಾಡಬೇಕೆಂದು ಡಾಕ್ಟರು ಹೇಳಿದರೆ, ಕಂಪನಿಯಿಂದ ಮೊದಲೇ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಬಾಯಿಮಾತಿನ "ಆಗುತ್ತೆ ಸಾರ್" ಕ್ಲೇಮಿನ ದಿನ ಕೆಲಸಕ್ಕೆ ಬರುವುದಿಲ್ಲ.

ಇಷ್ಟೂ ಹಣವೇ ಇಲ್ಲದವರು ಏನು ಮಾಡಬೇಕು? ನಮ್ಮ ಬೀದಿಗೆ ಹೂವು ತರುವ ಹೆಣ್ಣುಮಗಳೊಬ್ಬಳು ಒಂದು ಬೆಳಗ್ಗೆ, "ಯಜಮಾನ್ರೇ, ಓಲೆ ಅಡ ಇಟ್ರೆ ಎಷ್ಟು ಬರಬಹುದು?" ಅಂದಳು. ಮಗನಿಗೆ ಐದು ವರ್ಷ, ಕೆನ್ನೆ ಊದಿತ್ತು. ಓಲೆ ಕಿವಿಯಲ್ಲೇ ಇರಲಿ ಅಂತ ದಂತ ಕಾಲೇಜಿನ ದಾರಿ ಹೇಳಿದೆ. ನಮ್ಮ ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಬೆಂಗಳೂರು, ಬಳ್ಳಾರಿಗಳಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. ಮೈಸೂರು, ಧಾರವಾಡ, ಬೆಳಗಾವಿ, ಮಂಗಳೂರು, ಮಣಿಪಾಲದಲ್ಲೂ ದಂತ ಕಾಲೇಜುಗಳಿವೆ. ಇಂಥ ಕಡೆ ಮಕ್ಕಳ ವಿಭಾಗ ಬೇರೆಯೇ ಇರುತ್ತದೆ. ಎಂಡಿಎಸ್ ಓದುತ್ತಿರುವ ಡಾಕ್ಟರು ಕೆಲಸ ಮಾಡುತ್ತಾರೆ, ಪ್ರೊಫೆಸರು ಬಂದು ಪರೀಕ್ಷಿಸುತ್ತಾರೆ. ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಬಹಳ ಕಡಿಮೆ. ಅದರ ಬದಲು ಸಮಯ ಕೊಡಬೇಕು: ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸುವುದು, ಸರದಿ, ಹೆಚ್ಚು ಸಲ ಓಡಾಟ. ದಿನಗೂಲಿಯವರಿಗೆ ಅದೂ ಖರ್ಚೇ, ಅಲ್ಲವೆನ್ನುವುದಿಲ್ಲ. ಆ ತಾಯಿ ಐದು ದಿನದ ವ್ಯಾಪಾರ ಬಿಟ್ಟಳು. ಹಲ್ಲು ಉಳಿಯಿತು, ಓಲೆಯೂ.

ಅಂಗನವಾಡಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಇನ್ನೊಂದು ದಾರಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ಅವರು ಕೊಡುವ ಚೀಟಿಯನ್ನು ಪುಸ್ತಕದೊಳಗೆ ಮಡಚಿಟ್ಟು ಮರೆಯದೆ ಆಸ್ಪತ್ರೆಗೆ ಹೋಗಿ. ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ಇಎಸ್‌ಐ ಕಟ್ಟುವವರ ಮಕ್ಕಳಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಹಕ್ಕಿದೆ. ಕಲಬುರಗಿಯಲ್ಲಂತೂ ಆ ನಿಗಮದ್ದೇ ದಂತ ಕಾಲೇಜಿದೆ.

ಪಾವಗಡದ ಕಡೆಯ ಹಾಗೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರಿಗೆ ಒಂದು ಮಾತು. ಹಲ್ಲಿನ ಕಂದು ಕಲೆಯೆಲ್ಲ ಹುಳುಕಲ್ಲ. ಫ್ಲೋರೈಡ್ ಲೇಪನಕ್ಕೆ ಹಣ ಕಟ್ಟುವ ಮೊದಲು ನಿಮ್ಮ ಊರಿನ ನೀರಿನ ವಿಷಯ ಡಾಕ್ಟರಿಗೆ ಹೇಳಿ.

ಇನ್ನು ಅತಿ ಅಗ್ಗದ ಚಿಕಿತ್ಸೆ. ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಅದು ಹಾಲುಹಲ್ಲಲ್ಲ, ಜೀವನಪೂರ್ತಿ ಇರಬೇಕಾದದ್ದು. ತುಂಬ ಮನೆಗಳಲ್ಲಿ ಗೊತ್ತೇ ಆಗುವುದಿಲ್ಲ. ಅದರ ಮೇಲಿನ ಆಳವಾದ ಗೀರುಗಳಲ್ಲಿ ಬಿಸ್ಕತ್ತು, ಚಾಕಲೇಟು ಸಿಕ್ಕಿಕೊಂಡು ಬೇಗ ಹುಳುಕಾಗುತ್ತದೆ. ಆ ಗೀರುಗಳನ್ನು ಮುಚ್ಚುವ ಸೀಲಂಟ್ ಅನ್ನುವ ಲೇಪನವಿದೆ. ಸೂಜಿ ಇಲ್ಲ, ಕೊರೆಯುವುದಿಲ್ಲ, ಒಂದು ಸಿಮೆಂಟು ತುಂಬಿಸುವಷ್ಟೂ ಖರ್ಚಾಗಲಿಲ್ಲ ನಮಗೆ. ಮೊಮ್ಮಗಳಿಗೆ ನಾಲ್ಕು ಹಲ್ಲಿಗೂ ಹಾಕಿಸಿದ್ದೇವೆ. ಈ ಭಾನುವಾರ ನಿಮ್ಮ ಮಗುವನ್ನು ಬೆಳಕಿಗೆ ಕೂರಿಸಿ, ಬಾಯಿ ಅಗಲಿಸಿ, ಹಿಂದಿನಿಂದ ಎಣಿಸಿ ನೋಡಿ.