ಎಲ್ಲರಿಗೂ ಸೇರಿದ ಬೀದಿ

ನಗರದ ಬೀದಿಗಳನ್ನು ದೇಹದ ರಕ್ತನಾಳಗಳಿಗೆ ಹೋಲಿಸುವುದು ವಾಡಿಕೆ. ರಕ್ತವು ಸರಾಗವಾಗಿ ಹರಿಯುತ್ತಿರುವವರೆಗೆ ನಾಳದ ನೆನಪೇ ನಮಗೆ ಆಗುವುದಿಲ್ಲ. ತಡೆಯುಂಟಾದೊಡನೆ ವೈದ್ಯರ ಬಳಿಗೆ ಧಾವಿಸುತ್ತೇವೆ. ವಾಹನದಟ್ಟಣೆ ಮಿತಿಮೀರಿದ ನಗರಗಳೂ ಹೀಗೆಯೇ ಚಿಕಿತ್ಸೆಯನ್ನು ಅರಸುತ್ತವೆ. ಏಕಮುಖ ಸಂಚಾರ, ಹಗಲಿನಲ್ಲಿ ಲಾರಿಗಳಿಗೆ ನಿಷೇಧ, ಕೆಲವು ಬೀದಿಗಳನ್ನು ಪಾದಚಾರಿಗಳಿಗೇ ಮೀಸಲಿಡುವುದು, ಇವೆಲ್ಲ ಅಂತಹ ಚಿಕಿತ್ಸೆಗಳು. ಔಷಧವೇನೋ ಒಳ್ಳೆಯದೇ. ಆದರೆ ಹಲವರಿಗೆ ಹಿತವಾದುದು ಕೆಲವರಿಗೆ ಬಾಧಕವಾದರೆ ಏನು ಮಾಡಬೇಕು?

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಮಿತ್ರರಾದ ಉಪಾಧ್ಯಾಯರೊಬ್ಬರೂ ಪುಸ್ತಕದ ಅಂಗಡಿಗೆಂದು ಹೊರಟಿದ್ದೆವು. ಬಾಲ್ಯದಲ್ಲಿ ಪೋಲಿಯೋ ತಗುಲಿದುದರಿಂದ ಅವರು ಊರುಗೋಲುಗಳ ಆಸರೆಯಲ್ಲಿ ನಡೆಯುವವರು. ಅಂದು ಆ ಬೀದಿಯಲ್ಲಿ ವಾಹನಸಂಚಾರ ನಿಷಿದ್ಧವಾಗಿತ್ತು. ಆಟೋ ಚಾಲಕನು ಬೀದಿಯ ತುದಿಯಲ್ಲಿಯೇ ನಿಲ್ಲಿಸಿ, “ಮೇಷ್ಟ್ರೇ, ಒಳಗೆ ಬಿಡೋದಿಲ್ಲ, ಇಲ್ಲೇ ಇಳೀಬೇಕು” ಎಂದನು. ಅಂಗಡಿಯು ಇನ್ನೂ ಮುನ್ನೂರು ಗಜ ದೂರದಲ್ಲಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರು; ಹಿರಿಯರು ಹೊಗೆ ಸದ್ದುಗಳ ಕಾಟವಿಲ್ಲದೆ ಅಡ್ಡಾಡುತ್ತಿದ್ದರು. ಮಿತ್ರರು ಆ ನೋಟವನ್ನು ಕ್ಷಣಕಾಲ ನೋಡಿ, “ಬೀದಿ ಎಷ್ಟು ಚೆನ್ನಾಗಿದೆ! ನೀವು ಹೋಗಿ ಬನ್ನಿ, ನಾನು ಇಲ್ಲೇ ಕುಳಿತಿರುತ್ತೇನೆ” ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಆದರೂ ಅಂಗಡಿಯಲ್ಲಿ ಪುಸ್ತಕಗಳನ್ನು ಆರಿಸುವಾಗ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಈ ಸಮಸ್ಯೆ ನಮ್ಮದು ಮಾತ್ರವಲ್ಲ. ಲಂಡನ್ನಿನ ಹೃದಯಭಾಗದಲ್ಲಿ ‘ಬ್ಯಾಂಕ್ ಜಂಕ್ಷನ್’ ಎಂಬ ಕೂಡುರಸ್ತೆಯಿದೆ. ಬ್ಯಾಂಕ್ ಆಫ್ ಇಂಗ್ಲೆಂಡ್, ರಾಯಲ್ ಎಕ್ಸ್‌ಚೇಂಜ್, ಮ್ಯಾನ್ಷನ್ ಹೌಸ್ ಮುಂತಾದ ಪ್ರಸಿದ್ಧ ಕಟ್ಟಡಗಳ ನಡುವೆ ಹಲವು ಬೀದಿಗಳು ಅಲ್ಲಿ ಸಂಧಿಸುತ್ತವೆ. ಅಪಘಾತಗಳಿಗೆ ಆ ಸ್ಥಳ ಹೆಸರಾಗಿತ್ತು. 2015ರಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ತರುಣಿಯೊಬ್ಬಳು ಲಾರಿಗೆ ಸಿಕ್ಕಿ ಮೃತಳಾದಳು. ಆ ಬಳಿಕ ಸಿಟಿ ಆಫ್ ಲಂಡನ್ನಿನ ನಗರಾಡಳಿತವು 2017ರ ಮೇ ತಿಂಗಳಿನಲ್ಲಿ ಹೊಸ ಕಟ್ಟಳೆಯನ್ನು ಪ್ರಯೋಗಾರ್ಥವಾಗಿ ಜಾರಿಗೆ ತಂದಿತು. ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ, ಬಸ್ಸು ಮತ್ತು ಸೈಕಲ್ಲುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಅಪಘಾತಗಳು ಕಡಿಮೆಯಾದವು. 2018ರಲ್ಲಿ ಈ ಕಟ್ಟಳೆಯನ್ನು ಕಾಯಂ ಮಾಡಲಾಯಿತು.

ಆದರೆ ಲಂಡನ್ನಿನ ಕಪ್ಪು ಟ್ಯಾಕ್ಸಿಗಳಿಗೂ ಇದರಿಂದ ದಾರಿ ಮುಚ್ಚಿತು. 2000ದಿಂದ ಈಚೆಗೆ ಈ ಟ್ಯಾಕ್ಸಿಗಳೆಲ್ಲವೂ ಗಾಲಿಕುರ್ಚಿಯನ್ನು ಏರಿಸಿಕೊಳ್ಳುವಂತಿರಬೇಕೆಂಬುದು ನಿಯಮ. ಬಸ್ಸಿನಲ್ಲಿಯೂ ಗಾಲಿಕುರ್ಚಿಗೆ ಸ್ಥಳವುಂಟು. ಆದರೆ ಬಸ್ಸು ತನ್ನ ನಿಲ್ದಾಣದಲ್ಲಿ ಇಳಿಸುತ್ತದೆ. ಟ್ಯಾಕ್ಸಿಯು ಮನೆಯ ಬಾಗಿಲಿನಲ್ಲಿ ಇಳಿಸುತ್ತದೆ. ನಡೆಯಲಾರದವನಿಗೆ ಈ ಅಂತರವೇ ಎಲ್ಲವೂ. ಟ್ಯಾಕ್ಸಿಯು ಸುತ್ತುದಾರಿಯಲ್ಲಿ ಹೋದರೆ ಕಾಲವೂ ಬಾಡಿಗೆಯೂ ಹೆಚ್ಚುತ್ತವೆ ಎಂಬುದು ಅವರ ಆಕ್ಷೇಪಣೆ.

ಎದುರುಪಕ್ಷದ ವಾದವನ್ನೂ ಅಲ್ಲಗಳೆಯುವಂತಿಲ್ಲ. ಟ್ಯಾಕ್ಸಿಗಳಲ್ಲಿ ಕೂರುವವರೆಲ್ಲರೂ ವಿಕಲಚೇತನರಲ್ಲ. ವಾಹನಗಳು ಹೆಚ್ಚಿದಷ್ಟೂ ಕಾಲ್ನಡಿಗೆಯವರಿಗೆ ಅಪಾಯ ಹೆಚ್ಚು. ಕಾಲ್ನಡಿಗೆಯವರಲ್ಲಿ ಅಂಧರೂ ವೃದ್ಧರೂ ಇರುತ್ತಾರೆ. ಅಗಲವಾದ ಕಾಲುದಾರಿಯು ಗಾಲಿಕುರ್ಚಿಯವರಿಗೂ ಉಪಕಾರಿಯೇ. ಹೀಗೆ ಎರಡು ನ್ಯಾಯಗಳು ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಂತವು. ಬಹಳ ಚರ್ಚೆಯ ತರುವಾಯ 2024ರಲ್ಲಿ ಟ್ಯಾಕ್ಸಿಗಳನ್ನು ಪ್ರಯೋಗಾರ್ಥವಾಗಿ ಮತ್ತೆ ಬಿಡಲು ಆಡಳಿತವು ತೀರ್ಮಾನಿಸಿತು. 2025ರಲ್ಲಿ ಆ ಪ್ರಯೋಗ ಆರಂಭವಾಯಿತು.

ವಾಹನವನ್ನು ಬಿಟ್ಟು ವ್ಯಕ್ತಿಗೇ ಏಕೆ ವಿನಾಯಿತಿ ಕೊಡಬಾರದು ಎಂದು ನೀವು ಕೇಳಬಹುದು. ಬ್ರಿಟನ್ನಿನಲ್ಲಿ ‘ಬ್ಲೂ ಬ್ಯಾಡ್ಜ್’ ಎಂಬ ಪರವಾನಗಿಯುಂಟು. ಅದು ಕಾರಿಗೆ ಸೇರಿದುದಲ್ಲ, ವಿಕಲಚೇತನ ವ್ಯಕ್ತಿಗೆ ಸೇರಿದುದು. ಆತನು ಯಾರ ಕಾರಿನಲ್ಲಿ ಪಯಣಿಸಿದರೂ ವಾಹನ ನಿಲ್ಲಿಸಲು ಅದರಿಂದ ಅನುಕೂಲವಾಗುತ್ತದೆ. ಈ ವಿಧಾನ ನ್ಯಾಯವಾದುದೇ. ಆದರೆ ನಿಷೇಧವನ್ನು ಕಾಯುವ ಕ್ಯಾಮರಾ ಓದುವುದು ಬಂಡಿಯ ಸಂಖ್ಯಾಫಲಕವನ್ನು. ಒಳಗೆ ಕುಳಿತವರ ಕಷ್ಟವನ್ನು ಅದು ಕಾಣಲಾರದು. ಆದುದರಿಂದಲೇ ವ್ಯಕ್ತಿಗಳನ್ನು ಗುರುತಿಸುವುದಕ್ಕಿಂತ ಒಂದು ಬಗೆಯ ವಾಹನಗಳಿಗೆ ಅನುಮತಿ ನೀಡುವುದು ಆಡಳಿತಕ್ಕೆ ಸುಲಭವಾಗಿ ತೋರುತ್ತದೆ.

ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ರಸ್ತೆ ಮತ್ತು ಸಾರಿಗೆ ಎಲ್ಲರಿಗೂ ಎಟುಕುವಂತಿರಬೇಕೆಂದು ವಿಧಿಸಿದೆ. ನಮ್ಮ ನಗರಗಳಲ್ಲಿಯೂ ಬೀದಿಗಳನ್ನು ವಾಹನಮುಕ್ತಗೊಳಿಸುವ ಯತ್ನಗಳು ನಡೆದಿವೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಹಾಗಿತ್ತು. ಇಂತಹ ಕಾರ್ಯಕ್ಕೆ ಮುನ್ನ ಯೋಚಿಸಬೇಕಾದ ಸಂಗತಿಗಳು ಬಹು ಸರಳವಾದುವು. ಬೈಕುಗಳನ್ನು ತಡೆಯಲೆಂದು ನೆಟ್ಟ ಕಂಬಗಳ ನಡುವೆ ಗಾಲಿಕುರ್ಚಿ ನುಸುಳಲು ಕನಿಷ್ಠ 90 ಸೆಂಟಿಮೀಟರ್ ಎಡೆಯಿರಬೇಕು. ಕಾಲುದಾರಿಗೆ ಏರುವ ಇಳಿಜಾರು, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದಷ್ಟು ಮೃದುವಾಗಿರಬೇಕು. ಬೀದಿಯ ಮೊದಲಲ್ಲಿ ಇಳಿಯುವ ತಾಣ, ನಡುನಡುವೆ ಕೂರುವ ಆಸನ, ಅಗತ್ಯವುಳ್ಳವರನ್ನು ಕರೆತರುವ ಬಾಡಿಗೆ ವಾಹನಕ್ಕೆ ಅನುಮತಿ, ಇವು ದುಬಾರಿಯ ಕೆಲಸಗಳೇನೂ ಅಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಟ್ಟಳೆಯನ್ನು ಬರೆಯುವ ಮೊದಲೇ ವಿಕಲಚೇತನರ ಅಭಿಪ್ರಾಯವನ್ನು ಕೇಳಬೇಕು. ಬರೆದಾದ ಮೇಲೆ ಕೇಳಿದರೆ ಅದು ವಿನಾಯಿತಿಯ ಭಿಕ್ಷೆಯಾಗುತ್ತದೆ; ಮೊದಲೇ ಕೇಳಿದರೆ ಹಕ್ಕಿನ ಗೌರವವಾಗುತ್ತದೆ.

ನಿಷೇಧದ ಫಲಕವನ್ನು ಕಂಡಾಗ ಅದು ಯಾರನ್ನು ಕಾಪಾಡುತ್ತದೆ ಎಂದು ಕೇಳುವುದರೊಡನೆ, ಅದು ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂದೂ ನಾವು ಕೇಳಬೇಕು. ಅಂದು ನಾನು ಕೈತುಂಬ ಪುಸ್ತಕಗಳೊಡನೆ ಮರಳಿದಾಗ ಮಿತ್ರರು ಕಲ್ಲುಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದರು. ಒಂದೊಂದನ್ನೂ ತೆಗೆದು ಪ್ರೀತಿಯಿಂದ ಸವರಿ ನೋಡಿದರು. ಆ ಪುಸ್ತಕಗಳನ್ನು ಆರಿಸುವ ಸಂತೋಷವು ಅವರದೂ ಆಗಬೇಕಿತ್ತು.