ತಂತಿ ಇಲ್ಲದ ಕಚೇರಿಗೆ ಸಾಲಗಾಮೆ ರಸ್ತೆಯ ಪಾಠ

1983ರ ಸೆಪ್ಟೆಂಬರ್ ತಿಂಗಳ ಮೊದಲೆರಡು ವಾರ ಹಾಸನದ ಸಾಲಗಾಮೆ ರಸ್ತೆಯ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ಯಾರಿಗೂ ನೆಮ್ಮದಿ ಇದ್ದಿರಲಾರದು. ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಮೇಲೇರಿದ್ದ ಇನ್ಸಾಟ್-1ಬಿ ತನ್ನ ಸೌರಫಲಕ ಬಿಚ್ಚದೆ ಹಟ ಹಿಡಿದಿತ್ತು. ಫಲಕ ತೆರೆಯದಿದ್ದರೆ ವಿದ್ಯುತ್ ಇಲ್ಲ, ವಿದ್ಯುತ್ ಇಲ್ಲದಿದ್ದರೆ ಉಪಗ್ರಹವೂ ಇಲ್ಲ. ನೆಲದಲ್ಲಾಗಿದ್ದರೆ ಒಬ್ಬ ಮೆಕ್ಯಾನಿಕ್ ಹೋಗಿ ಸಿಕ್ಕಿಕೊಂಡದ್ದನ್ನು ಬಿಡಿಸಿ ಬರುತ್ತಿದ್ದ. ಇಲ್ಲಿ ನಡುವೆ 36,000 ಕಿಲೋಮೀಟರ್ ಇತ್ತು. ಹಾಸನದವರ ಕೈಯಲ್ಲಿ ಇದ್ದದ್ದು ರೇಡಿಯೊ ಸಂಕೇತ ಮಾತ್ರ.

ಹಿಂದಿನ ವರ್ಷದ ಗಾಯ ಆಗಿನ್ನೂ ಹಸಿಯಾಗಿತ್ತು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಮೊದಲ ದಿನಗಳಿಂದಲೇ ಕಾಡಿತು. ಆ ಸರಣಿಯ ಉಪಗ್ರಹಗಳಿಗೆ ಸೌರಫಲಕ ಒಂದೇ ಬದಿಗೆ. ಹವಾಮಾನ ಕ್ಯಾಮೆರಾವನ್ನು ತಣ್ಣಗಿಡಲು ಇನ್ನೊಂದು ಬದಿ ಬರೀ ಆಕಾಶಕ್ಕೆ ತೆರೆದಿರಬೇಕಿತ್ತು. ಬಿಸಿಲಿನ ಒತ್ತಡಕ್ಕೆ ಉಪಗ್ರಹ ವಾಲದಂತೆ ಆ ಬದಿಯಲ್ಲೊಂದು ಹಾಯಿ ಇಟ್ಟಿದ್ದರು. ಹಾಯಿ ಬಿಚ್ಚಿಕೊಳ್ಳಲಿಲ್ಲ. ಉಪಗ್ರಹವನ್ನು ನೇರ ನಿಲ್ಲಿಸುವುದರಲ್ಲೇ ಇಂಧನ ಸವೆಯಿತು, ಸೆಪ್ಟೆಂಬರ್ ಹೊತ್ತಿಗೆ ಪೂರ್ತಿ ಮುಗಿಯಿತು. ಆ ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ಬಣ್ಣದ ಟಿವಿಯಲ್ಲಿ ಬಂದಾಗ ಅದನ್ನು ಹೊತ್ತು ತರಬೇಕಾಗಿದ್ದ ಉಪಗ್ರಹ ಸತ್ತು ಎರಡು ತಿಂಗಳಾಗಿತ್ತು.

ಹಾಗಾಗಿ 1ಬಿ ಕೈಬಿಡುವಂತಿರಲಿಲ್ಲ. ಉಪಗ್ರಹ ಕಟ್ಟಿದ ಫೋರ್ಡ್ ಏರೋಸ್ಪೇಸ್‌ನ ಎಂಜಿನಿಯರುಗಳೂ ನಮ್ಮವರೂ ಕೂಡಿ ದಿನಗಟ್ಟಲೆ ಒದ್ದಾಡಿದರು. ಸೆಪ್ಟೆಂಬರ್ ಮಧ್ಯದಲ್ಲಿ ಫಲಕ ತೆರೆದುಕೊಂಡಿತು, ಅಕ್ಟೋಬರಿನಲ್ಲಿ ಉಪಗ್ರಹ ಕೆಲಸಕ್ಕೆ ನಿಂತಿತು. 1990ರವರೆಗೂ ದೇಶದ ದೂರದರ್ಶನಕ್ಕೆ, ದೂರದೂರಿನ ಟೆಲಿಫೋನಿಗೆ, ಹವಾಮಾನ ಚಿತ್ರಕ್ಕೆ ಅದೇ ಮುಖ್ಯ ಆಸರೆ.

ತಂತಿಯಿಲ್ಲದ ಸಂಪರ್ಕ ಎಂದರೆ ಪೊಲೀಸ್ ವೈರ್‌ಲೆಸ್ ಇದಕ್ಕಿಂತ ಹಳೆಯದು, ನಿಜ. ಆದರೆ ಇಡೀ ದಿನದ ಕೆಲಸವೇ ತಂತಿಯಿಲ್ಲದ ಜಾಲದ ಮೇಲೆ ನಿಂತಿದ್ದ ಕಚೇರಿ ಎಂದರೆ ನಮ್ಮ ಜಿಲ್ಲೆಯಲ್ಲಿ ನನ್ನ ಮಟ್ಟಿಗೆ ಸಾಲಗಾಮೆ ರಸ್ತೆಯದೇ ಮೊದಲು. ಅಲ್ಲಿನವರ ಕಸುಬಿಗೆ ಒಂದು ಮೂಲಮಂತ್ರ ಇದೆ. ಕೆಟ್ಟದ್ದನ್ನು ಮುಟ್ಟಿ ರಿಪೇರಿ ಮಾಡಲಾಗದ ಕಡೆ ಎಲ್ಲದಕ್ಕೂ ಬದಲಿ ಇರಬೇಕು. ಉಪಗ್ರಹದೊಳಗೆ ಸಂಕೇತ ಹಿಡಿಯುವ ರಿಸೀವರಿಗೂ ಒಂದು ಜೊತೆ ಇರುತ್ತದೆ. ಸಾಲಗಾಮೆ ರಸ್ತೆಯಿಂದ ಮೂವತ್ತು ನಲವತ್ತು ಕಿಲೋಮೀಟರ್ ದೂರದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಚೇರಿಗಳಿಗೆ ಮುಂದೆ ನೆಟ್‌ವರ್ಕ್ ಬಂತು, ಈ ಮಂತ್ರ ಬರಲಿಲ್ಲ. ನನ್ನ ಸಂಕಟವೆಲ್ಲ ಇದೇ.

ಜಿಲ್ಲಾ ಕೇಂದ್ರಗಳಿಗೆ ಕಂಪ್ಯೂಟರ್ ಜಾಲ ಬಂದದ್ದು ಆಕಾಶದಿಂದಲೇ. ಎನ್. ಶೇಷಗಿರಿಯವರು 1976ರಲ್ಲಿ ಕಟ್ಟಿದ ರಾಷ್ಟ್ರೀಯ ಮಾಹಿತಿ ಕೇಂದ್ರ 1980ರ ದಶಕದ ಕೊನೆಗೆ ದೇಶದ ಜಿಲ್ಲಾ ಕೇಂದ್ರಗಳಲ್ಲಿ ಸಣ್ಣ ಡಿಶ್ ನಿಲ್ಲಿಸಿ ಉಪಗ್ರಹದ ಮೂಲಕ ದೆಹಲಿಗೆ ಜೋಡಿಸಿತು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ನೆಲದ ತಂತಿಗಾಗಿ ಕಾದಿದ್ದರೆ ಇನ್ನೂ ಎಷ್ಟು ವರ್ಷ ಹಿಡಿಯುತ್ತಿತ್ತೋ. ಆಮೇಲೆ ಬ್ಯಾಂಕಿನ ಶಾಖೆಗಳ ತಾರಸಿಯ ಮೇಲೂ ಬಿಳಿ ತಟ್ಟೆಗಳು ಎದ್ದವು.

ಸಾಮಾನ್ಯ ರೈತನಿಗೆ ಇದು ತಟ್ಟಿದ್ದು ‘ಭೂಮಿ’ ಯೋಜನೆಯಿಂದ. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ಆಗ 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ. ಅದಕ್ಕೆ ಮೊದಲು ಗ್ರಾಮಲೆಕ್ಕಿಗರ ಹಿಂದೆ ಅಲೆಯಬೇಕಿತ್ತು, ಕೈಬೆಚ್ಚಗೆ ಮಾಡದೆ ಪುಸ್ತಕ ತೆರೆಯದ ಕಡೆಗಳೂ ಇದ್ದವು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಆದರೆ ಮೊದಮೊದಲು ತಾಲ್ಲೂಕಿನ ದಾಖಲೆ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇತ್ತು ಎಂಬುದನ್ನು ಮರೆಯಬಾರದು. ಅದು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋದ ದಿನದಿಂದ ಸಂಪರ್ಕ ಕಡಿದರೆ ಕಚೇರಿಯ ಕೈಯೇ ಕಟ್ಟಿದಂತಾಯಿತು.

ವೈಫೈ ಬಂದ ಕಥೆ ಇನ್ನೂ ಚಿಕ್ಕದು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇಂಥ ಉಪಕರಣ ಇಟ್ಟುಕೊಳ್ಳುವಂತಿರಲಿಲ್ಲ. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಂದ ಬಿಡಿಸಿತು. ಆಮೇಲೆ ರೌಟರ್ ಅಂಗಡಿಯ ಸಾಮಾನಾಯಿತು. ಗೋಡೆ ಕೊರೆಯುವ ಕೆಲಸ ಇಲ್ಲ, ಮೇಜು ಸರಿಸಿದರೆ ಕೇಬಲ್ ಎಳೆಯುವ ತಾಪತ್ರಯ ಇಲ್ಲ, ಹೊಸಬರೊಬ್ಬರು ವರ್ಗವಾಗಿ ಬಂದರೆ ಅರ್ಧ ಗಂಟೆಯಲ್ಲಿ ಕೆಲಸ ಶುರು. ಬಾಡಿಗೆ ಕಟ್ಟಡದಲ್ಲಿರುವ ಕಚೇರಿಗೆ ಇದು ದೊಡ್ಡ ಅನುಕೂಲ.

ಅನುಕೂಲ ಕಚೇರಿಯ ಹೊಸಿಲು ದಾಟಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಯನ್ನೇ ನೋಡಿ. ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ಶುರು ಮಾಡಿದ್ದು 1984ರಲ್ಲಿ. ಬೇಲುಗಳ ಸಾಲಿನ ಪಕ್ಕ ನಡೆಯುತ್ತ ದರ ಕೂಗುತ್ತಿದ್ದ ಪದ್ಧತಿ ಹೋಗಿ ಈಗ ಖರೀದಿದಾರರು ಕೈಯಲ್ಲಿ ಹಿಡಿದ ಯಂತ್ರದಲ್ಲಿ ಬಿಡ್ ಒತ್ತುತ್ತಾರೆ. ದರ ಆ ಕ್ಷಣವೇ ದಾಖಲಾಗುತ್ತದೆ, ಆಮೇಲೆ ತಿದ್ದಲು ಎಡೆ ಕಡಿಮೆ. ಆದರೆ ತನ್ನ ಬೇಲಿನ ಪಕ್ಕ ನಿಂತ ಬೆಳೆಗಾರನಿಗೆ ಯಾರು ಎಷ್ಟು ಏರಿಸಿದರು, ಯಾರು ಬಾಯಿ ಮುಚ್ಚಿಕೊಂಡರು ಎಂಬುದು ಕಿವಿಗೆ ಬೀಳುತ್ತಿದ್ದ ಕಾಲ ಹೋಯಿತು. ಅದು ಸಣ್ಣ ನಷ್ಟವಲ್ಲ.

ಇನ್ನು ತೊಂದರೆಗಳು. ವೈಫೈ ಅಲೆಗೆ ದಪ್ಪ ಕಲ್ಲಿನ ಗೋಡೆ, ಕಬ್ಬಿಣದ ಬೀರು ಎರಡೂ ಆಗದು. ನಮ್ಮ ಹಳೆಯ ಸರ್ಕಾರಿ ಕಟ್ಟಡಗಳಲ್ಲಿ ಎರಡಕ್ಕೂ ಬರವಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ. ಪಕ್ಕದ ಸೈಬರ್ ಅಂಗಡಿ, ಎದುರಿನ ಬ್ಯಾಂಕು, ಮೇಲಿನ ಮಹಡಿಯ ವಕೀಲರ ಕಚೇರಿ ಎಲ್ಲವೂ ಅದರಲ್ಲೇ ಹಂಚಿಕೊಳ್ಳಬೇಕು. ಉಪಗ್ರಹದ ಸಂಪರ್ಕವಾದರೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕೇ ಬೇಕು, ಜೋರು ಮಳೆಗೆ ಕೆಯು ಬ್ಯಾಂಡ್ ಎಂಬ ತರಂಗಪಟ್ಟಿಯ ಸಂಕೇತ ಸೊರಗುತ್ತದೆ. ಮಾರ್ಚ್ ಮತ್ತು ಅಕ್ಟೋಬರ್ ಆಸುಪಾಸಿನ ಕೆಲವು ದಿನ ಸೂರ್ಯ ಉಪಗ್ರಹದ ಬೆನ್ನಿಗೇ ಬಂದು ನಿಂತು ಕೆಲವು ನಿಮಿಷ ಸಂಪರ್ಕ ಕಡಿಯುತ್ತದೆ. ಇದು ಪಂಚಾಂಗದ ಗ್ರಹಣದಷ್ಟೇ ಖಚಿತವಾಗಿ ಮೊದಲೇ ಲೆಕ್ಕ ಹಾಕಬಹುದಾದದ್ದು. ಆ ಲೆಕ್ಕವನ್ನು ಯಾವ ನೋಟಿಸ್ ಬೋರ್ಡಿನಲ್ಲೂ ನಾನು ಕಂಡಿಲ್ಲ.

ಇತ್ತೀಚೆಗೆ ಒಂದು ನಾಡಕಚೇರಿಯಲ್ಲಿ ಕಾಯುತ್ತಿದ್ದೆ. ರೌಟರ್ ಬೀರುವಿನ ಹಿಂದೆ ಸಿಕ್ಕಿಕೊಂಡಿತ್ತು, ಪಾಸ್‌ವರ್ಡ್ ಬರೆದ ಚೀಟಿ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿತ್ತು. ಸಾವಿರಾರು ಜನರ ಜಮೀನು, ಜಾತಿ, ಆದಾಯದ ವಿವರ ಓಡಾಡುವ ಜಾಲದ ಬೀಗದಕೈ ಅದು. ವೈಫೈ ಅಲೆ ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ, ರಸ್ತೆಗೂ ಹೋಗುತ್ತದೆ ಎಂದು ಅಲ್ಲಿ ಯಾರಿಗೂ ಅನ್ನಿಸಿದಂತಿರಲಿಲ್ಲ. ಕಂಬಕ್ಕೆ ಒರಗಿ ಕುಳಿತಿದ್ದ ಅಜ್ಜಿಯೊಬ್ಬರು ಕೌಂಟರಿನ ಹುಡುಗನನ್ನು ಕೇಳಿದರು, “ಏನಪ್ಪಾ, ಇನ್ನೂ ಬರ್ಲಿಲ್ವಾ?”

“ಸರ್ವರ್ ಇಲ್ಲ ಅಜ್ಜಿ. ಮಧ್ಯಾಹ್ನದ ಮೇಲೆ ನೋಡೋಣ.”

“ನಾಕು ಗಂಟೆ ಬಸ್ ತಪ್ಪಿದ್ರೆ ಊರಿಗೆ ನಡ್ಕೊಂಡೇ ಹೋಗ್ಬೇಕು ಕಣಪ್ಪಾ.”

ತಪ್ಪಿರುವುದು ಬೆಂಗಳೂರಿನ ಸರ್ವರೋ, ಟವರೋ, ಬೀರುವಿನ ಹಿಂದಿನ ರೌಟರೋ ಆ ಹುಡುಗನಿಗೂ ಗೊತ್ತಿರಲಿಲ್ಲ. ತಂತಿ ಹರಿದರೆ ಕಂಬ ಹತ್ತುವ ಲೈನ್‌ಮನ್ ಕಾಣುತ್ತಾನೆ, ರಸ್ತೆ ಅಗೆದ ಜೆಸಿಬಿ ಕಾಣುತ್ತದೆ, ಯಾರನ್ನು ಕೇಳಬೇಕೆಂದು ಗೊತ್ತಾಗುತ್ತದೆ. ಗಾಳಿಯಲ್ಲಿ ಕಡಿದದ್ದಕ್ಕೆ ಹೊಣೆ ಹೊರುವವರೇ ಇಲ್ಲ. ಅದರ ಬೆಲೆಯನ್ನು ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿಯ ಲೆಕ್ಕದಲ್ಲಿ ಕೊಡುವವರು ಕೌಂಟರಿನ ಈಚೆಗಿರುವವರು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ನೆಟ್‌ವರ್ಕಿಗಾಗಿ ನಿಲ್ಲುವವರೂ ಇವರೇ.

ಸಾಲಗಾಮೆ ರಸ್ತೆಯ ಮಂತ್ರಕ್ಕೆ ತಕ್ಕಂತೆ 2005ರಲ್ಲಿ ಭೋಪಾಲದಲ್ಲಿ ಇನ್ನೊಂದು ಉಪಗ್ರಹ ನಿಯಂತ್ರಣ ಕೇಂದ್ರ ಆರಂಭವಾಯಿತು. ಹಾಸನಕ್ಕೆ ಏನಾದರೂ ಆದರೆ ಕೆಲಸ ನಿಲ್ಲಬಾರದು ಎಂಬುದಕ್ಕೇ ಅದನ್ನು ಕಟ್ಟಿದ್ದು. ಆಕಾಶದ ಯಂತ್ರಗಳಿಗೆ ಇಷ್ಟು ಮುತುವರ್ಜಿ ತೋರಿಸಬಲ್ಲ ಸರ್ಕಾರ ಅರಕಲಗೂಡಿನ ಕೌಂಟರಿಗೆ ಎರಡನೆಯ ಸಂಪರ್ಕವೊಂದನ್ನು ಕೊಡಲಾರದೆ? ಮೇಜಿನಿಂದ ಕದಲದ ಕಂಪ್ಯೂಟರುಗಳಿಗೆ ಕೇಬಲ್ಲೇ ಸಾಕು, ವೈಫೈ ಓಡಾಡುವ ಕೆಲಸಕ್ಕಿರಲಿ. ಹೋಬಳಿಯ ಪಹಣಿಗಳ ಒಂದು ಪ್ರತಿ ಕಚೇರಿಯಲ್ಲೇ ಇರಲಿ. ಜಾಲ ಇಲ್ಲದ ದಿನ ಅರ್ಜಿಯನ್ನು ಕಾಗದದಲ್ಲಿ ಪಡೆದು, ತಾರೀಖು ಹಾಕಿ, ಸೀಲು ಒತ್ತಿದ ಸ್ವೀಕೃತಿ ಕೊಡಲಿ.

ಇದು ಆಗದ ಕೆಲಸವೇನಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೂಲಿಕಾರರ ಹಾಜರಾತಿಯನ್ನು ದಿನಕ್ಕೆರಡು ಬಾರಿ ಮೊಬೈಲಿನಲ್ಲಿ ಫೋಟೊ ತೆಗೆದೇ ಹಾಕಬೇಕೆಂದು ಕಡ್ಡಾಯವಾಯಿತು. ಚನ್ನರಾಯಪಟ್ಟಣದ ಕಡೆ ಕೆರೆ ಹೂಳೆತ್ತುವ ಅಂಗಳದಲ್ಲಿ ಸಿಗ್ನಲ್ ಸಿಗದಿದ್ದರೆ ಗತಿಯೇನು ಎಂದು ಆಗ ಎಲ್ಲರೂ ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ಅದೇ ಆ್ಯಪ್‌ನಲ್ಲಿ ಜಾಲವಿಲ್ಲದಾಗ ಫೋಟೊ ತೆಗೆದಿಟ್ಟು, ಸಿಗ್ನಲ್ ಸಿಕ್ಕ ಮೇಲೆ ಕಳಿಸುವ ಏರ್ಪಾಡೂ ಇತ್ತು. ಆ ಏರ್ಪಾಡು ನಾಡಕಚೇರಿಯ ಅರ್ಜಿಗೂ ಬರಬೇಕು.